ವ್ಯಾಪಾರ ಕೂಟವನ್ನು ಬಿಟ್ಟು ಹೊರಬಂದವರ ಲೆಕ್ಕ

(ಹೊಸೂರಿನಲ್ಲಿ ಕೂಡಿದ ಕಾರ್ಮಿಕ ಅನ್ಯೋನ್ಯತೆಯ ಸಭೆಯಲ್ಲಿ, ಗುಂಪು ಚರ್ಚೆಗೆ ಮುನ್ನ ಮಾಡಿದ ಭಾಷಣ)



ಈ ಸಂಜೆಯ ಚರ್ಚೆಗೆ ಗೊತ್ತುಮಾಡಿರುವ ವಿಷಯ ಇದು: ಹಲವು ದೇಶಗಳು ಸೇರಿ ಕಟ್ಟಿಕೊಂಡ ವ್ಯಾಪಾರ ಕೂಟವನ್ನು ಒಂದು ದೇಶ ಬಿಟ್ಟು ಹೊರಬಂದರೆ ಅದರ ಆರ್ಥಿಕ ಹಾಗೂ ರಾಜಕೀಯ ಪರಿಣಾಮಗಳೇನು? ಬ್ರಿಟನ್ ದೇಶವು ಐರೋಪ್ಯ ಒಕ್ಕೂಟದಿಂದ ಹೊರಬಂದದ್ದು ಇದಕ್ಕೆ ನಮ್ಮ ಕಾಲದ ದೊಡ್ಡ ನಿದರ್ಶನ. ಇದು ಕಡಲಾಚೆಯ ಮಾತೆಂದು ಕೆಲವರಿಗೆ ತೋರಬಹುದು. ಆದರೆ ಗಡಿಯಲ್ಲಿ ಬಾಳ್ವೆ ಮಾಡುವ ನಮಗೆ ಇದು ತೀರ ಅಪರಿಚಿತವಲ್ಲ.

2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬರುವವರೆಗೆ ರಾಜ್ಯ ರಾಜ್ಯಗಳ ನಡುವಿನ ತೆರಿಗೆ ಚೆಕ್‌ಪೋಸ್ಟುಗಳಲ್ಲಿ ಲಾರಿಗಳು ಹೇಗೆ ಸಾಲುಗಟ್ಟಿ ನಿಲ್ಲುತ್ತಿದ್ದವು ಎಂಬುದು ಅತ್ತಿಬೆಲೆಯ ದಾರಿಯಲ್ಲಿ ಓಡಾಡಿದ ನಮಗೆಲ್ಲ ಗೊತ್ತು. ಹೊಸೂರಿನ ಕಾರ್ಖಾನೆಯ ಬಿಡಿಭಾಗ ಬೆಂಗಳೂರಿಗೆ ಹೋಗಬೇಕಾದರೆ ದೂರ ಸುಮಾರು 40 ಕಿಲೋಮೀಟರು. ಆದರೆ ಬಿಲ್ಲು, ನಮೂನೆ, ಮೊಹರು ಎಲ್ಲವೂ ಸರಿಯಿರಬೇಕಿತ್ತು. ಒಂದು ಕಾಗದ ತಪ್ಪಿದರೆ ಲಾರಿ ಅಲ್ಲೇ ನಿಂತಿತು. ನಿಂತ ಲಾರಿಯ ಖರ್ಚು ಯಾರ ತಲೆಗೆ? ಮೊದಲು ಚಾಲಕನ ತಲೆಗೆ, ಆಮೇಲೆ ಕಾರ್ಖಾನೆಯ ತಲೆಗೆ, ಕಡೆಗೆ ಸರಕು ಕೊಳ್ಳುವವನ ತಲೆಗೆ. ಸರಳವಾಗಿ ಹೇಳುವುದಾದರೆ, ಹಲವು ದೇಶಗಳು ತಮ್ಮ ತಮ್ಮ ನಡುವೆ ಇರುವ ಇಂಥ ಸುಂಕದ ಕಟ್ಟೆಗಳನ್ನು ಎತ್ತಿಹಾಕಿ, ಹೊರಗಿನವರಿಗೆ ಮಾತ್ರ ಒಂದು ಕಟ್ಟೆ ಇಟ್ಟುಕೊಳ್ಳುವುದೇ ಐರೋಪ್ಯ ಒಕ್ಕೂಟದಂಥ ಕೂಟದ ತಿರುಳು. ಅದನ್ನು ಬಿಡುವುದೆಂದರೆ ಎತ್ತಿಹಾಕಿದ ಕಟ್ಟೆಯನ್ನು ಮತ್ತೆ ಕಟ್ಟುವುದೆಂದೇ ಅರ್ಥ.

ಈ ಕೂಟದ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ. ಎರಡು ಮಹಾಯುದ್ಧಗಳಲ್ಲಿ ಒಬ್ಬರನ್ನೊಬ್ಬರು ಕೊಂದುಕೊಂಡ ಯೂರೋಪಿನ ಆರು ದೇಶಗಳು 1957ರಲ್ಲಿ ರೋಮ್ ನಗರದಲ್ಲಿ ಒಪ್ಪಂದಕ್ಕೆ ಸಹಿ ಹಾಕಿ ಸಾಮಾನ್ಯ ಮಾರುಕಟ್ಟೆಯನ್ನು ಸ್ಥಾಪಿಸಿದವು. ಬ್ರಿಟನ್ ಮೊದಲು ದೂರ ನಿಂತಿತು. ಆಮೇಲೆ ಸೇರಬೇಕೆಂದಾಗ ಫ್ರಾನ್ಸಿನ ಅಧ್ಯಕ್ಷ ದ ಗಾಲ್ 1963ರಲ್ಲಿಯೂ 1967ರಲ್ಲಿಯೂ ಬಾಗಿಲು ಮುಚ್ಚಿದರು. ಕಡೆಗೆ 1973ರ ಜನವರಿ 1ರಂದು ಬ್ರಿಟನ್ ಒಳಗೆ ಬಂತು. ಎರಡೇ ವರ್ಷಗಳಲ್ಲಿ, ಅಂದರೆ 1975ರ ಜೂನ್‌ನಲ್ಲಿ, ಇರಬೇಕೋ ಬಿಡಬೇಕೋ ಎಂದು ಜನಮತ ಕೇಳಲಾಯಿತು. ಶೇಕಡಾ 67 ಮಂದಿ ಇರಬೇಕೆಂದರು.

ಕಾರ್ಮಿಕರಾದ ನಾವು ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. 1975ರಲ್ಲಿ ಹೊರಬರಬೇಕೆಂದು ವಾದಿಸಿದವರಲ್ಲಿ ಕಾರ್ಮಿಕ ಸಂಘಗಳೇ ಮುಂದಿದ್ದವು. ಟ್ರೇಡ್ಸ್ ಯೂನಿಯನ್ ಕಾಂಗ್ರೆಸ್ ಹೊರಬರುವ ಪಕ್ಷದಲ್ಲಿತ್ತು. ಲೇಬರ್ ಪಕ್ಷದ ಮಂತ್ರಿ ಟೋನಿ ಬೆನ್ ಅವರ ವಾದದ ಸಾರ ಇಷ್ಟು: ನಮ್ಮ ಮೇಲೆ ಕಾನೂನು ಮಾಡುವವರನ್ನು ನಾವು ಮತ ಹಾಕಿ ಇಳಿಸುವಂತಿರಬೇಕು, ಬ್ರಸೆಲ್ಸ್‌ನಲ್ಲಿ ಕುಳಿತವರನ್ನು ಇಳಿಸುವವರು ಯಾರು? ಇದು ಹಗುರವಾದ ಪ್ರಶ್ನೆಯಲ್ಲ.

ಆದರೆ 1980ರ ದಶಕದಲ್ಲಿ ಬ್ರಿಟನ್ನಿನ ಸರ್ಕಾರವೇ ಸಂಘಗಳ ಬಲವನ್ನು ಮುರಿಯತೊಡಗಿತು. 1988ರ ಸೆಪ್ಟೆಂಬರಿನಲ್ಲಿ ಐರೋಪ್ಯ ಆಯೋಗದ ಅಧ್ಯಕ್ಷ ಜಾಕ್ ಡಲೋರ್ ಅವರು ಬೋರ್ನ್‌ಮತ್‌ನಲ್ಲಿ ಕೂಡಿದ ಸಂಘಗಳ ಸಮ್ಮೇಳನಕ್ಕೆ ಬಂದು, ಮಾರುಕಟ್ಟೆ ಒಂದಾಗುವಾಗ ದುಡಿಯುವವರ ಹಕ್ಕುಗಳಿಗೂ ರಕ್ಷಣೆ ಇರುತ್ತದೆಂದು ಭರವಸೆ ಕೊಟ್ಟರು. ಅಲ್ಲಿಂದ ಸಂಘಗಳ ಮನಸ್ಸು ತಿರುಗಿತು. ಭರವಸೆ ಬರೀ ಮಾತಾಗಲಿಲ್ಲ. ವಾರಕ್ಕೆ ಸರಾಸರಿ 48 ಗಂಟೆಗೆ ಮೀರದ ದುಡಿಮೆ, ವರ್ಷಕ್ಕೆ ನಾಲ್ಕು ವಾರ ಸಂಬಳ ಸಹಿತ ರಜೆ ಎಂಬ ನಿಯಮ 1993ರಲ್ಲಿ ಯೂರೋಪಿನಲ್ಲಿ ಆಯಿತು. 1998ರಲ್ಲಿ ಬ್ರಿಟನ್ನಿಗೂ ಬಂತು. ಇನ್ನೊಂದು ಮುಖವನ್ನೂ ಹೇಳಬೇಕು. 2007ರಲ್ಲಿ ವೈಕಿಂಗ್ ಮತ್ತು ಲವಾಲ್ ಎಂಬ ಎರಡು ಮೊಕದ್ದಮೆಗಳಲ್ಲಿ ಐರೋಪ್ಯ ನ್ಯಾಯಾಲಯವು ಮುಷ್ಕರದ ಹಕ್ಕಿಗಿಂತ ಕಂಪನಿಗಳ ವ್ಯಾಪಾರ ಸ್ವಾತಂತ್ರ್ಯಕ್ಕೆ ಹೆಚ್ಚು ತೂಕ ಕೊಟ್ಟಿತೆಂದು ಸಂಘಗಳು ದೂರಿದವು. ಆದುದರಿಂದ 2016ರಲ್ಲಿ ಟ್ರೇಡ್ಸ್ ಯೂನಿಯನ್ ಕಾಂಗ್ರೆಸ್ ಇರಬೇಕೆಂದರೂ, ರೈಲ್ವೆ ಕಾರ್ಮಿಕರ ಸಂಘ ಬಿಡಬೇಕೆಂದಿತು. ಕಾರ್ಮಿಕರಲ್ಲಿಯೇ ಒಮ್ಮತವಿರಲಿಲ್ಲ.

2016ರ ಜೂನ್ 23ರಂದು ಎರಡನೆಯ ಜನಮತ ನಡೆಯಿತು. ಬಿಡಬೇಕೆಂದವರು 1 ಕೋಟಿ 74 ಲಕ್ಷ, ಇರಬೇಕೆಂದವರು 1 ಕೋಟಿ 61 ಲಕ್ಷ. ಶೇಕಡಾ 52ಕ್ಕೆ 48. ಅದಕ್ಕೆ ಮುನ್ನ ನಡೆದ ವಾದವಿವಾದದಲ್ಲಿ ಎರಡು ಕಡೆಯವರೂ ಅಳತೆ ಮೀರಿದರು. ವಾರಕ್ಕೆ 35 ಕೋಟಿ ಪೌಂಡು ಬ್ರಸೆಲ್ಸ್‌ಗೆ ಹೋಗುತ್ತಿದೆ, ಅದನ್ನು ನಮ್ಮ ಆಸ್ಪತ್ರೆಗಳಿಗೆ ಕೊಡೋಣ ಎಂದು ಬಿಡುವ ಪಕ್ಷದವರು ಬಸ್ಸಿನ ಮೇಲೆ ಬರೆಸಿದರು. ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನೂ ಮರಳಿ ಬರುತ್ತಿದ್ದ ಹಣವನ್ನೂ ಕಳೆಯದ ಅಂಕಿ ಅದು. ಅದು ಜನರ ದಾರಿ ತಪ್ಪಿಸುವಂತಿದೆ ಎಂದು ಅಲ್ಲಿನ ಅಂಕಿಅಂಶ ಪ್ರಾಧಿಕಾರವೇ ಆಕ್ಷೇಪಿಸಿತು. ಇತ್ತ ಸರ್ಕಾರದ ಹಣಕಾಸು ಇಲಾಖೆ, ಬಿಡಲು ಮತ ಬಿದ್ದರೆ ಸಾಕು, ಕೂಡಲೇ ಆರ್ಥಿಕ ಹಿಂಜರಿತ ಬರುತ್ತದೆ, 5 ಲಕ್ಷ ಮಂದಿ ಕೆಲಸ ಕಳೆದುಕೊಳ್ಳುತ್ತಾರೆ ಎಂದು ಹೆದರಿಸಿತು. ಪೌಂಡಿನ ಬೆಲೆ ಒಂದೇ ದಿನದಲ್ಲಿ ಶೇಕಡಾ 8ರಷ್ಟು ಕುಸಿದದ್ದು ನಿಜ. ಆದರೆ ಆ ಹಿಂಜರಿತ ಬರಲಿಲ್ಲ. ಹೆದರಿಕೆ ಸುಳ್ಳಾದಾಗ ಜನ ನಿಜವಾದ ಎಚ್ಚರಿಕೆಯನ್ನೂ ನಂಬದಾಗುತ್ತಾರೆ.

ಸಂಡರ್ಲೆಂಡ್ ಎಂಬ ಊರಿನ ಉದಾಹರಣೆ ನೋಡೋಣ. ಹಡಗು ಕಟ್ಟುವುದಕ್ಕೆ ಹೆಸರಾದ ಊರು. ಅಲ್ಲಿನ ಕಡೆಯ ಹಡಗುಕಟ್ಟೆ 1988ರಲ್ಲಿ ಮುಚ್ಚಿತು, ಕಲ್ಲಿದ್ದಲ ಗಣಿ 1993ರಲ್ಲಿ ಮುಚ್ಚಿತು. ಉಳಿದ ದೊಡ್ಡ ಆಸರೆ 1986ರಲ್ಲಿ ಆರಂಭವಾದ ನಿಸಾನ್ ಕಾರು ಕಾರ್ಖಾನೆ. ಅದರ ಕಾರುಗಳಲ್ಲಿ ಹೆಚ್ಚಿನವು ಯೂರೋಪಿಗೇ ಹೋಗುತ್ತಿದ್ದವು. ಆದರೂ ಆ ಊರಿನ ಶೇಕಡಾ 61 ಮಂದಿ ಬಿಡಬೇಕೆಂದೇ ಮತ ಹಾಕಿದರು. ಅವರನ್ನು ಅವಿವೇಕಿಗಳೆಂದು ನಕ್ಕವರು ಉಂಟು. ನಾವು ನಗುವಂತಿಲ್ಲ. ಮೂವತ್ತು ವರ್ಷ ಯಾರೂ ತಮ್ಮ ಮಾತು ಕೇಳಲಿಲ್ಲವೆಂದು ಬಲ್ಲ ಜನ, ಕೇಳಿದ ಒಂದು ದಿನ ತಮ್ಮ ಕೋಪವನ್ನು ಹೇಳಿದರು. ಆದರೆ ಹಡಗುಕಟ್ಟೆ ಮುಚ್ಚಿದ ಕೋಪವನ್ನು ಕಾರು ಕೊಳ್ಳುವ ಮಾರುಕಟ್ಟೆಯ ಮೇಲೆ ತೀರಿಸಿಕೊಂಡದ್ದರಿಂದ ಹಡಗುಕಟ್ಟೆಯೇನೂ ಮರಳಲಿಲ್ಲ.

ಬ್ರಿಟನ್ 2020ರ ಜನವರಿ 31ರಂದು ಒಕ್ಕೂಟವನ್ನು ಬಿಟ್ಟಿತು. ಹಳೆಯ ನಿಯಮಗಳು ಆ ವರ್ಷದ ಕೊನೆಯವರೆಗೆ ನಡೆದವು. ಡಿಸೆಂಬರ್ 24ರಂದು ಹೊಸ ವ್ಯಾಪಾರ ಒಪ್ಪಂದ ಕುದುರಿತು. ಸುಂಕವಿಲ್ಲ ಎಂದು ಒಪ್ಪಂದ ಹೇಳಿತು. ಆದರೆ ಕಾಗದ ಬಂತು. ಕಾರಿನಲ್ಲಿ ಬ್ರಿಟನ್ ಅಥವಾ ಯೂರೋಪಿನ ಭಾಗಗಳು ಸಾಕಷ್ಟಿವೆ ಎಂದು ರುಜುವಾತು ಮಾಡಬೇಕು, ಇಲ್ಲವಾದರೆ ಶೇಕಡಾ 10 ಸುಂಕ. ಮಾಂಸ, ಮೀನು, ಹಾಲಿನ ಪದಾರ್ಥಗಳಿಗೆ ಪಶುವೈದ್ಯರ ಪ್ರಮಾಣಪತ್ರ ಬೇಕು. ಮೀನುಗಾರರು ಬಿಡುವ ಪಕ್ಷದ ಗಟ್ಟಿ ಬೆಂಬಲಿಗರಾಗಿದ್ದರು. 2021ರ ಜನವರಿಯಲ್ಲಿಯೇ ಸ್ಕಾಟ್ಲೆಂಡಿನ ಮೀನು ವ್ಯಾಪಾರಿಗಳು, ಸರಕು ದಾರಿಯಲ್ಲೇ ಕೆಡುತ್ತಿದೆ ಎಂದು ಲಂಡನ್ನಿನ ಸಂಸತ್ತಿನ ಹತ್ತಿರ ಲಾರಿಗಳನ್ನು ತಂದು ನಿಲ್ಲಿಸಿದರು. ದೊಡ್ಡ ಕಂಪನಿ ಕಾಗದ ಬರೆಯಲು ಗುಮಾಸ್ತರನ್ನು ಇಡುತ್ತದೆ. ಸಣ್ಣವನು ರಫ್ತನ್ನೇ ನಿಲ್ಲಿಸುತ್ತಾನೆ.

ನಿಸಾನ್ ಮುಚ್ಚಲಿಲ್ಲ, 2021ರಲ್ಲಿ ಅಲ್ಲಿ ವಿದ್ಯುತ್ ಕಾರಿಗಾಗಿ ಹೊಸ ಬಂಡವಾಳವನ್ನೇ ಘೋಷಿಸಲಾಯಿತು. ಆದೇ ವರ್ಷ ಸ್ವಿಂಡನ್ನಿನ ಹೋಂಡಾ ಕಾರ್ಖಾನೆ ಮುಚ್ಚಿತು. ಕಾರಣ ಬೇರೆ ಎಂದು ಕಂಪನಿ ಹೇಳಿತು. ಹೀಗೆ ಒಂದೊಂದು ಕಾರ್ಖಾನೆಯನ್ನು ಹಿಡಿದು ವಾದಿಸಿದರೆ ಇತ್ಯರ್ಥವಾಗದು. ಸರ್ಕಾರದ ಆಯವ್ಯಯವನ್ನು ಸ್ವತಂತ್ರವಾಗಿ ಪರಿಶೀಲಿಸುವ ಕಚೇರಿಯ ಅಂದಾಜಿನ ಪ್ರಕಾರ, ಕೂಟದಲ್ಲೇ ಉಳಿದಿದ್ದರೆ ಇರಬಹುದಾಗಿದ್ದುದಕ್ಕಿಂತ ದೇಶದ ಉತ್ಪಾದಕತೆ ಕಾಲಾಂತರದಲ್ಲಿ ಶೇಕಡಾ 4ರಷ್ಟು ಕಡಿಮೆಯಾಗುತ್ತದೆ. ಇದು ಮನೆ ಕುಸಿದಂತೆ ಕಾಣುವ ನಷ್ಟವಲ್ಲ. ಗೋಡೆಗೆ ತೇವ ಹಿಡಿದಂತೆ ವರ್ಷ ವರ್ಷ ಬರುವ ನಷ್ಟ.

ಬಿಟ್ಟದ್ದರಿಂದ ಲಾಭವೇ ಇಲ್ಲವೆಂದು ನಾವು ಹೇಳುವುದಿಲ್ಲ. ಸ್ವಂತವಾಗಿ ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಬ್ರಿಟನ್ನಿಗೆ ಮರಳಿತು. 2025ರ ಜುಲೈ 24ರಂದು ನಮ್ಮ ಭಾರತದೊಡನೆ ಅದು ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದ್ದು ಆ ಅಧಿಕಾರದಿಂದಲೇ. ಆದರೆ ಅದರಿಂದ ಕಾಲಾಂತರದಲ್ಲಿ ವರ್ಷಕ್ಕೆ 480 ಕೋಟಿ ಪೌಂಡು ಲಾಭವೆಂದು ಅಲ್ಲಿನ ಸರ್ಕಾರದ ಅಂದಾಜು. ಅದು ದೇಶದ ಉತ್ಪನ್ನದ ಶೇಕಡಾ 0.1ರ ಆಸುಪಾಸು. ಹೋದ 4ರ ಪಕ್ಕದಲ್ಲಿ ಬಂದ 0.1ನ್ನು ಇಟ್ಟು ನೋಡಬೇಕು.

ಕೂಲಿಯ ಮಾತಿಗೆ ಬರೋಣ. ಹೊರಗಿನ ಕೆಲಸಗಾರರು ಕಡಿಮೆಯಾದರೆ ನಮ್ಮ ಸಂಬಳ ಏರುತ್ತದೆಂದು ಅನೇಕರು ನಂಬಿದ್ದರು. 2021ರ ಶರತ್ಕಾಲದಲ್ಲಿ ಲಾರಿ ಚಾಲಕರ ಅಭಾವ ಉಂಟಾಗಿ, ಪೆಟ್ರೋಲ್ ಸಾಗಿಸಲು ಸೈನಿಕರನ್ನು ಕರೆಸಬೇಕಾಯಿತು; ಚಾಲಕರ ಸಂಬಳ ಏರಿದ್ದೂ ನಿಜ. ಆದರೆ ವೃದ್ಧರ ಆರೈಕೆಯ ಕೆಲಸಕ್ಕೆ ಯೂರೋಪಿನವರು ಬಾರದಾದಾಗ, 2022ರಿಂದ ನಮ್ಮ ದೇಶದಿಂದಲೂ ಆಫ್ರಿಕಾದಿಂದಲೂ ಜನರನ್ನು ಕರೆಯಲಾಯಿತು. ಕೇರಳದಿಂದ ಹೋದವರು ಬಹಳ. ಏಜೆಂಟರಿಗೆ ಲಕ್ಷಗಟ್ಟಲೆ ಸಾಲಮಾಡಿ ಕೊಟ್ಟು ಹೋಗಿ, ಅಲ್ಲಿ ಹೇಳಿದಷ್ಟು ಕೆಲಸವಿಲ್ಲದೆ ಕಷ್ಟಪಟ್ಟವರೂ ಉಂಟು. ಮಾಲೀಕ ಕೈಬಿಟ್ಟರೆ ವೀಸಾವೂ ಹೋಗುವ ಭಯದಿಂದ ಅವರು ಬಾಯಿ ತೆರೆಯಲಾರರು. 2024ರ ಮಾರ್ಚ್‌ನಿಂದ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲವೆಂದಾಯಿತು. 2025ರ ಜುಲೈನಿಂದ ಹೊರದೇಶದವರ ನೇಮಕಾತಿಯೇ ನಿಂತಿತು. ಮೊದಲು ಬರುತ್ತಿದ್ದ ಪೋಲೆಂಡಿನ ಕೆಲಸಗಾರನಿಗೆ ಮಾಲೀಕನನ್ನು ಬಿಟ್ಟುಹೋಗುವ ಸ್ವಾತಂತ್ರ್ಯವಾದರೂ ಇತ್ತು.

ರಾಜಕೀಯ ಪರಿಣಾಮಗಳು ಇದಕ್ಕಿಂತ ಕಡಿಮೆಯೇನಲ್ಲ. ಜನಮತಕ್ಕೆ ಒಂದು ವಾರ ಮುನ್ನ ಜೋ ಕಾಕ್ಸ್ ಎಂಬ ಸಂಸತ್ಸದಸ್ಯೆಯ ಕೊಲೆಯಾಯಿತು. 2016ರಿಂದ 2024ರೊಳಗೆ ಅಲ್ಲಿ ಐದು ಸಲ ಪ್ರಧಾನಿ ಬದಲಾದರು. ಸ್ಕಾಟ್ಲೆಂಡಿನ ಶೇಕಡಾ 62 ಮಂದಿ ಇರಬೇಕೆಂದಿದ್ದರು. ಅವರ ಮತಕ್ಕೆ ಬೆಲೆ ಏನು ಎಂಬ ಪ್ರಶ್ನೆ ಎದ್ದಿತು.

ಎಲ್ಲಕ್ಕಿಂತ ತೊಡಕಾದದ್ದು ಐರ್ಲೆಂಡಿನ ಗಡಿ. ಉತ್ತರ ಐರ್ಲೆಂಡಿಗೂ ಐರ್ಲೆಂಡ್ ಗಣರಾಜ್ಯಕ್ಕೂ ನಡುವೆ ಸುಮಾರು 500 ಕಿಲೋಮೀಟರು ಗಡಿ. ಮೂವತ್ತು ವರ್ಷಗಳ ಹಿಂಸೆಯಲ್ಲಿ 3,500ರಷ್ಟು ಮಂದಿ ಸತ್ತ ಮೇಲೆ 1998ರಲ್ಲಿ ಶಾಂತಿ ಒಪ್ಪಂದವಾಗಿ ಅಲ್ಲಿನ ಕಾವಲು ಠಾಣೆಗಳು ಮರೆಯಾದವು. ಎರಡು ದೇಶಗಳೂ ಒಂದೇ ಕೂಟದಲ್ಲಿದ್ದುದರಿಂದ ಸುಂಕದ ಕಟ್ಟೆಯೂ ಬೇಕಿರಲಿಲ್ಲ. ಬ್ರಿಟನ್ ಹೊರಬಂದಾಗ ಕಟ್ಟೆ ಎಲ್ಲಿ ಎಂಬ ಪ್ರಶ್ನೆ ಬಂತು. ಭೂಗಡಿಯಲ್ಲಿಟ್ಟರೆ ಶಾಂತಿಗೆ ಅಪಾಯ. ಸಮುದ್ರದಲ್ಲಿಟ್ಟರೆ ಒಂದೇ ದೇಶದ ಎರಡು ಭಾಗಗಳ ನಡುವೆ ತಪಾಸಣೆ. ಕಡೆಗೆ ಸಮುದ್ರದಲ್ಲಿಯೇ ಇಟ್ಟರು. ಅದನ್ನು ವಿರೋಧಿಸಿದ ಪಕ್ಷ 2022ರ ಫೆಬ್ರವರಿಯಲ್ಲಿ ಹೊರನಡೆದು, ಎರಡು ವರ್ಷ ಅಲ್ಲಿ ಪ್ರಾಂತೀಯ ಸರ್ಕಾರವೇ ಇಲ್ಲದಂತಾಯಿತು. ಗಡಿ ಮುಚ್ಚಿದರೆ ಏನಾಗುತ್ತದೆಂದು ನಮ್ಮವರಿಗೆ ಹೇಳಿಕೊಡಬೇಕಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನೆಚ್ಚಿಕೊಂಡಿದ್ದ ಕಾಸರಗೋಡಿನ ಜನ ಪಟ್ಟ ಸಂಕಟ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು.

ಹಾಗಾದರೆ ಕೂಟವನ್ನು ಯಾರೂ ಎಂದೂ ಬಿಡಬಾರದೇ? ಹಾಗಲ್ಲ. ಗ್ರೀನ್‌ಲ್ಯಾಂಡಿನವರು ತಮ್ಮ ಮೀನುಗಾರಿಕೆಯನ್ನು ತಾವೇ ನೋಡಿಕೊಳ್ಳಬೇಕೆಂದು 1982ರಲ್ಲಿ ಮತ ಹಾಕಿ, 1985ರಲ್ಲಿ ಇದೇ ಕೂಟವನ್ನು ಬಿಟ್ಟರು. ಅವರು ಬಯಸಿದ್ದು ಒಂದು ವಸ್ತು. ಅದಕ್ಕೆ ಏನು ಬಿಟ್ಟುಕೊಡಬೇಕೆಂದೂ ಮಾತಾಡಿಕೊಂಡರು. ತಮ್ಮ ಕಡಲಲ್ಲಿ ಯೂರೋಪಿನ ದೋಣಿಗಳಿಗೆ ಅವಕಾಶ ಕೊಟ್ಟರು, ತಮ್ಮ ಮೀನಿಗೆ ಯೂರೋಪಿನ ಮಾರುಕಟ್ಟೆ ಪಡೆದರು. ಬ್ರಿಟನ್ನಿನಲ್ಲಿಯಾದರೋ ಬಿಡುವುದೆಂದು ಮೊದಲು ತೀರ್ಮಾನವಾಯಿತು; ಬಿಟ್ಟು ಎಲ್ಲಿಗೆ ಹೋಗುವುದೆಂಬ ಜಗಳ ಆಮೇಲೆ ನಾಲ್ಕು ವರ್ಷ ನಡೆಯಿತು. ಮತಪತ್ರದಲ್ಲಿ ಇದ್ದದ್ದು ಇರಬೇಕೋ ಬಿಡಬೇಕೋ ಎಂಬ ಎರಡೇ ಮಾತು. ಸುಂಕ, ಗಡಿ, ಕೂಲಿಯವರ ವೀಸಾ ಇವುಗಳ ಮಾತು ಅದರಲ್ಲಿರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಕೆಡುಕಿನ ಬೇರು ಇಲ್ಲಿದೆ.

ಸಂಘದಲ್ಲಿ ಮುಷ್ಕರಕ್ಕೆ ಕರೆ ಬಂದಾಗ ನಾವು ಬೇಡಿಕೆ ಯಾವುದು, ಎಷ್ಟು ದಿನ ತಡೆದುಕೊಳ್ಳಬಲ್ಲೆವು, ಮೊದಲು ಹಸಿಯುವ ಮನೆ ಯಾವುದು ಎಂದು ಕೇಳಿ ಕೈ ಎತ್ತುತ್ತೇವೆ. ದೇಶದ ತೀರ್ಮಾನಕ್ಕೂ ಇದೇ ಅಳತೆಗೋಲು ಬೇಕು. ಈಗ ಗುಂಪುಗಳಲ್ಲಿ ಕುಳಿತಾಗ ಈ ಮೂರು ಪ್ರಶ್ನೆಗಳನ್ನು ಎತ್ತಿಕೊಳ್ಳಬೇಕೆಂದು ಕೋರುತ್ತೇವೆ. ಒಂದು, ಯಾವುದೇ ವ್ಯಾಪಾರ ಒಪ್ಪಂದವನ್ನು ಸೇರುವಾಗಲಾಗಲಿ ಬಿಡುವಾಗಲಾಗಲಿ ಕಾರ್ಮಿಕರಿಗೆ ಮುಂಚಿತವಾಗಿ ಯಾವ ಲೆಕ್ಕ ತೋರಿಸಬೇಕು? ಎರಡು, ನಷ್ಟವಾಗುವ ಊರಿಗೂ ಕಸುಬಿಗೂ ಪರಿಹಾರ ಕೊಡುವ ಹೊಣೆ ಯಾರದು? ಮೂರು, ಹೊರಗಿನಿಂದ ಬಂದ ಕೂಲಿಯವನನ್ನು ದೂರಿದರೆ ನಮ್ಮ ಕೂಲಿ ಏರುತ್ತದೆಯೇ, ಅಥವಾ ಅವನನ್ನೂ ಸಂಘಕ್ಕೆ ಸೇರಿಸಿಕೊಂಡರೆ ಏರುತ್ತದೆಯೇ?

ಮೂರನೆಯದಕ್ಕೆ ಹೆಚ್ಚು ಹೊತ್ತು ಕೊಡಿ. ಗಡಿ ದಾಟಿ ದುಡಿಯಲು ಬಂದವರು ನಮ್ಮ ನಡುವೆಯೇ ಇದ್ದಾರೆ. ನಮ್ಮ ಮಕ್ಕಳೂ ಗಡಿ ದಾಟಿ ಹೋಗುತ್ತಿದ್ದಾರೆ.