ಚೌಬಾರದಿಂದ ಕೋಟೆಯವರೆಗೆ ನಡೆಯೋಣ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಭಾಲ್ಕಿಯಿಂದ ರೈಲಿಗೆ, ಔರಾದದಿಂದ ಬಸ್ಸಿಗೆ ನಾವು ಬೀದರಕ್ಕೆ ಬರ್ತೀವಿ. ಕಾಲೇಜು, ಪರೀಕ್ಷೆ, ಸ್ಕಾಲರ್‌ಶಿಪ್ಪು. ಕೆಲಸ ಮುಗಿದರೆ ಮತ್ತೆ ಸ್ಟ್ಯಾಂಡಿಗೆ. ಕೋಟೆ ನೋಡೋದು ಹೊಟ್ಟೆ ತುಂಬಿದವರ ಶೋಕಿ ಅಂತ ನಮ್ಮಲ್ಲೇ ಕೆಲವರು ಅಂತಾರೆ. ಶೋಕಿ ಅಲ್ಲ. ಯಾಕಲ್ಲ, ಕೇಳ್ರಿ.

1934ರಲ್ಲಿ ಬಾಬಾಸಾಹೇಬರು ಸಂಗಾತಿಗಳ ಜೊತೆ ದೌಲತಾಬಾದಿನ ಕೋಟೆ ನೋಡಲು ಹೋದರು. ಬೀದರದಂತೆ ಅದೂ ಆಗ ನಿಜಾಮರ ಸೀಮೆ. ಬಾಗಿಲ ಬಳಿಯ ಹೊಂಡದಲ್ಲಿ ದಾರಿಯ ಧೂಳು ತೊಳೆದುಕೊಂಡರು. ಅಷ್ಟಕ್ಕೇ ನೀರು ಮೈಲಿಗೆಯಾಯಿತೆಂದು ಜನ ಬೈದು ಮುತ್ತಿಕೊಂಡರು. ಕೊನೆಗೆ ಒಳಗೆ ಬಿಟ್ಟರು, ಆದರೆ ಎಲ್ಲೂ ನೀರು ಮುಟ್ಟದಂತೆ ಹತಾರ ಹಿಡಿದ ಸಿಪಾಯಿಯನ್ನು ಜೊತೆಗೆ ಕಳಿಸಿದರು! ಬ್ಯಾರಿಸ್ಟರರಿಗೇ ಈ ಗತಿ. ಇದನ್ನು ಅವರೇ ಬರೆದಿಟ್ಟಿದ್ದಾರೆ. ಅದಕ್ಕೇ, ಕೋಟೆಯ ಬಾಗಿಲನ್ನು ಕಾವಲಿಲ್ಲದೆ ದಾಟೋದು ನಮಗೆ ಹಕ್ಕಿನ ಮಾತು.

ಚೌಬಾರದಿಂದ ಹೊರಡೋಣ. ನಾಲ್ಕು ದಾರಿ ಕೂಡುವಲ್ಲಿ ನಿಂತ ಗುಂಡನೆಯ ಕಾವಲು ಗೋಪುರ. ಮೇಲೆ ನಿಂತವನಿಗೆ ಊರೆಲ್ಲ ಕಾಣಬೇಕು. ಅಲ್ಲಿಂದ ನಮ್ಮ ಕೇರಿ ಕಂಡಿತ್ತೋ ಏನೋ. ನಾವು ಓದಿದ ಚರಿತ್ರೆಯ ಪಾಠದಲ್ಲಂತೂ ಕಾಣಲಿಲ್ಲ.

ಉತ್ತರಕ್ಕೆ ನಡೆದರೆ ಮಹಮೂದ್ ಗವಾನನ ಮದರಸ. 1472ರದು. ಮೂರು ಅಂತಸ್ತು, ಗ್ರಂಥಾಲಯ, ಪಾಠದ ಹಾಲು, ವಿದ್ಯಾರ್ಥಿಗಳು ಇರಲು ಕೋಣೆ. ಅಂದರೆ ಬೀದರದಲ್ಲಿ 550 ವರ್ಷದ ಹಿಂದೆಯೇ ಹಾಸ್ಟೆಲು! ಕಟ್ಟಿಸಿದ ಮಂತ್ರಿಯನ್ನು ಸುಳ್ಳು ಪತ್ರದ ಪಿತೂರಿಯಲ್ಲಿ 1481ರಲ್ಲಿ ಕೊಲ್ಲಿಸಿದರು. ಔರಂಗಜೇಬನ ಕಾಲಕ್ಕೆ ಅದೇ ಕಟ್ಟಡದಲ್ಲಿ ತುಂಬಿಟ್ಟ ಮದ್ದು ಸಿಡಿದು ಅರ್ಧ ಭಾಗ ಹಾರಿಹೋಯಿತು. ಉಳಿದ ಗೋಡೆಯಲ್ಲಿ ಬಣ್ಣದ ಹೆಂಚು ಇನ್ನೂ ಹೊಳೀತದೆ, ನೋಡ್ರಿ. ದೂರ ದೇಶದ ಪಂಡಿತರು ಇಲ್ಲಿಗೆ ಬಂದರು. ಈ ಗೋಡೆಗೆ ಕಲ್ಲು ಸುಣ್ಣ ಹೊತ್ತವರ ಮಕ್ಕಳು ಒಳಗೆ ಓದಿದರೇ? ಗೈಡು ಹೇಳೋದಿಲ್ಲ. ನಾವು ಕೇಳಬೇಕು.

ಹತ್ತಿರದಲ್ಲೇ ಬಿದರಿ ಕೆಲಸದವರು ಕೂತಿರ್ತಾರೆ. ಸತು, ತಾಮ್ರ ಎರಕ ಹೊಯ್ದು, ಉಳಿಯಿಂದ ಗೀರಿ, ಬೆಳ್ಳಿ ತಂತಿ ಕೂಡಿಸ್ತಾರೆ. ಆಮೇಲೆ ಕೋಟೆಯ ಹಳೆ ಮಣ್ಣಿಗೆ ನವಸಾಗರ ಬೆರೆಸಿ ಕಾಯಿಸಿ ತಿಕ್ಕಿದರೆ ಲೋಹ ಕಪ್ಪಾಗ್ತದೆ, ಬೆಳ್ಳಿ ಬೆಳ್ಳಗೇ ಉಳೀತದೆ. ಕೋಟೆಯ ಮಣ್ಣಿನ ಗುಣ ಗೊತ್ತಿರೋದು ದುಡಿಯುವ ಕೈಗೆ. 2023ರಲ್ಲಿ ಇವರಲ್ಲೊಬ್ಬರಾದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಒಬ್ಬ ಕುಶಲಕರ್ಮಿಯ ಹೆಸರು ದಾಖಲಾಯಿತು. ಉಳಿದವರ ಹೆಸರು?

ಈಗ ಕೋಟೆ. ಕಲಬುರ್ಗಿಯಿಂದ ರಾಜಧಾನಿ ತಂದ ಅಹಮದ್ ಶಾ ಬಹಮನಿ 1430ರ ಸುಮಾರಿಗೆ ಕಟ್ಟಿಸಿದ್ದು. ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕೆಲಸ ಎಲ್ಲರೂ ನೋಡ್ತಾರೆ. ನೀವು ಕಂದಕದ ಅಂಚಿಗೂ ಬರ್ರಿ. ಕೆಂಪು ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲು ಕಂದಕ. ನಡುವೆ ಬಂಡೆಯನ್ನೇ ಗೋಡೆಯಾಗಿ ಬಿಟ್ಟಿದ್ದಾರೆ. ಅರಸು ಹುಕುಂ ಮಾಡಿದ, ಸರಿ. ಕಡಿದವರು ಯಾರು? ಏನು ಉಂಡರು? ಎಷ್ಟು ಮಂದಿ ಮನೆಗೆ ತಿರುಗಿ ಹೋದರು?

ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಚೌಬಾರದ ಹತ್ತಿರ ಸೇರೋಣ. ಬರುವ ಮೊದಲು ನಿಮ್ಮೂರಿನ ಅಜ್ಜ ಅಜ್ಜಿಯರನ್ನು ಕೇಳ್ರಿ: ಊರ ಬಾವಿ ತೋಡಿದವರು ಯಾರು, ನೀರು ಬಂದ ಮೇಲೆ ಅದರಲ್ಲಿ ಸೇದಲು ಯಾರನ್ನು ಬಿಟ್ಟರು? ಅವರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರಕೊಂಡು ತರ್ರಿ. ಕೋಟೆಯೊಳಗೆ ಕೂತು ಎಲ್ಲರೂ ಓದೋಣ.

ಜೈ ಭೀಮ್.