ಮಡಚಿಕೊಂಡ ಟ್ರೈಲರ್ ಲಾರಿ: ಹೊಣೆ ಯಾರದು?



ಹೆದ್ದಾರಿಯಲ್ಲಿ ಪ್ರಯಾಣ ಮಾಡುವಾಗ ಬಸ್ಸಿನ ಕಿಟಕಿಯಿಂದ ನೀವು ಇಂಥ ನೋಟವನ್ನು ಕಂಡಿರಬಹುದು. ಉದ್ದನೆಯ ಟ್ರೈಲರ್ ಲಾರಿಯೊಂದು ರಸ್ತೆಗೆ ಅಡ್ಡಲಾಗಿ ನಿಂತಿದೆ. ಎಂಜಿನ್ ಇರುವ ಅದರ ಮುಂಭಾಗ ಪಕ್ಕಕ್ಕೆ ತಿರುಗಿ, ಸರಕು ಹೊತ್ತ ಹಿಂಭಾಗಕ್ಕೆ ಹೊಡೆದು ನಿಂತಿದೆ. ಮಡಚುವ ಚಾಕುವಿನ ಅಲಗು ಹಿಡಿಯ ಕಡೆಗೆ ಮಡಚಿಕೊಂಡಂತೆ ಕಾಣುವುದರಿಂದ ಇಂಥ ಅಪಘಾತಕ್ಕೆ ಇಂಗ್ಲಿಷಿನಲ್ಲಿ 'ಜಾಕ್‌ನೈಫ್' ಎಂದು ಹೆಸರು. ಸುತ್ತ ಸೇರಿದ ಜನ ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಾರೆ: "ಡ್ರೈವರ್ ನಿದ್ದೆ ಮಾಡಿರಬೇಕು." ಅದು ನಿಜವಿರಲೂಬಹುದು. ಆದರೆ ವಿಚಾರಣೆ ಅಷ್ಟಕ್ಕೇ ಮುಗಿಯಿತೇ? ಈ ಪ್ರಶ್ನೆಯನ್ನು ಇಂದು ವಿಜ್ಞಾನದ ಕಡೆಯಿಂದಲೂ ಕಾನೂನಿನ ಕಡೆಯಿಂದಲೂ ನೋಡೋಣ.

ಮೊದಲು ಒಂದು ಸಣ್ಣ ಪ್ರಯೋಗ. ಎರಡು ರಟ್ಟಿನ ಪಟ್ಟಿಗಳನ್ನು ತುದಿಯಲ್ಲಿ ಒಂದು ಗುಂಡುಪಿನ್ನಿನಿಂದ ಸಡಿಲವಾಗಿ ಜೋಡಿಸಿ ಮೇಜಿನ ಮೇಲಿಡಿ. ಮುಂದಿನ ಪಟ್ಟಿಯನ್ನು ಹಿಡಿದು ಎಳೆಯಿರಿ. ಹಿಂದಿನದು ನೇರವಾಗಿ ಹಿಂಬಾಲಿಸುತ್ತದೆ. ಈಗ ಮುಂದಿನ ಪಟ್ಟಿಯ ತುದಿಗೆ ಬೆರಳನ್ನು ಅಡ್ಡವಿಟ್ಟು ಹಿಂದಿನ ಪಟ್ಟಿಯನ್ನು ತಳ್ಳಿರಿ. ಎರಡೂ ಪಿನ್ನಿನ ಬಳಿ ಮಡಚಿಕೊಳ್ಳುತ್ತವೆ. ಎಳೆದರೆ ನೇರ, ತಳ್ಳಿದರೆ ವಕ್ರ. ಟ್ರೈಲರ್ ಲಾರಿಯ ಕಥೆಯೆಲ್ಲ ಇಷ್ಟರಲ್ಲೇ ಇದೆ.

ಟ್ರೈಲರ್ ಲಾರಿಯೂ ಎರಡು ತುಂಡಿನ ವಾಹನವೇ. ಮುಂಭಾಗದ ಮೇಲಿರುವ ದಪ್ಪ ಉಕ್ಕಿನ ತಟ್ಟೆಯಲ್ಲಿ ಟ್ರೈಲರಿನ ಕಿಂಗ್‌ಪಿನ್ ಎಂಬ ಗೂಟ ಕೂರುತ್ತದೆ. ಆ ಗೂಟದ ಸುತ್ತ ಎರಡೂ ಭಾಗಗಳು ತಿರುಗುವುದರಿಂದಲೇ ಅಷ್ಟುದ್ದದ ವಾಹನ ತಿರುವುಗಳಲ್ಲಿ ಸಾಗಬಲ್ಲದು. ಚಾಲಕ ಬ್ರೇಕ್ ಹಾಕಿದಾಗ ಎರಡೂ ಭಾಗಗಳು ಒಟ್ಟಿಗೆ ನಿಧಾನವಾಗಬೇಕು. ಹಾಗಾಗದೆ ಎಂಜಿನ್ ತಿರುಗಿಸುವ ಚಕ್ರಗಳು ಬಿಗಿದುಕೊಂಡು ಜಾರತೊಡಗಿದವೆನ್ನಿ. ಉರುಳುವ ಟೈರಿಗೆ ಪಕ್ಕಕ್ಕೆ ಸರಿಯದಂತೆ ತಡೆಯುವ ಹಿಡಿತವಿರುತ್ತದೆ. ಬಿಗಿದು ಜಾರುವ ಟೈರಿಗೆ ಆ ಹಿಡಿತ ಬಹುಮಟ್ಟಿಗೆ ಇಲ್ಲವಾಗುತ್ತದೆ. ಹಿಂದಿನಿಂದ ಟ್ರೈಲರ್ ತಳ್ಳುತ್ತದೆ. ಮುಂಭಾಗ ಕಿಂಗ್‌ಪಿನ್ನಿನ ಸುತ್ತ ಗಿರ್ರನೆ ತಿರುಗುತ್ತದೆ. ಇದೆಲ್ಲ ಕೆಲವೇ ಕ್ಷಣಗಳ ಮಾತು. ಒಂದು ಕೋನವನ್ನು ಮೀರಿದ ಮೇಲೆ ಎಷ್ಟು ನುರಿತ ಚಾಲಕನಾದರೂ ಅದನ್ನು ಸರಿಪಡಿಸಲಾರ.

ಚಕ್ರಗಳು ಹೀಗೆ ಬಿಗಿದುಕೊಳ್ಳಲು ಕಾರಣಗಳೇನು? ಮಂಗಳೂರಿನ ಬಂದರಿಗೂ ಬೆಂಗಳೂರಿಗೂ ನಡುವೆ ಓಡಾಡುವ ಲಾರಿಗಳು ಹಾಯುವ ಶಿರಾಡಿ ಘಾಟಿಯನ್ನು ನೆನಪಿಗೆ ತಂದುಕೊಳ್ಳಿ. ಸರಕು ಇಳಿಸಿದ ಖಾಲಿ ಟ್ರೈಲರೊಂದು ಮಳೆಯಲ್ಲಿ ಆ ಇಳಿಜಾರಿಗೆ ಬಂತೆಂದು ಭಾವಿಸಿ. ಖಾಲಿ ಲಾರಿ ಸುರಕ್ಷಿತವೆಂದು ನಮಗೆ ತೋರುತ್ತದೆ. ವಾಸ್ತವವಾಗಿ ಅದರ ಬ್ರೇಕುಗಳು ಪೂರ್ಣ ಭಾರವನ್ನು ನಿಲ್ಲಿಸುವಷ್ಟು ಬಲಶಾಲಿಯಾಗಿರುತ್ತವೆ. ಭಾರವಿಲ್ಲದ ಚಕ್ರ ನೆಲವನ್ನು ಗಟ್ಟಿಯಾಗಿ ಒತ್ತದ ಕಾರಣ ಅದೇ ಬ್ರೇಕಿಗೆ ಬೇಗ ಬಿಗಿದುಕೊಳ್ಳುತ್ತದೆ. ನೆಲ ಒದ್ದೆ, ಟೈರು ಸವೆದದ್ದು, ಮುಂದೆ ತಿರುವು. ಆಗ ಮೋಟಾರ್ ಸೈಕಲ್ಲೊಂದು ತಟ್ಟನೆ ಅಡ್ಡ ಬರುತ್ತದೆ.

ಭಾರ ತುಂಬಿದ ಲಾರಿಯ ಅಪಾಯ ಬೇರೆ ಬಗೆಯದು. ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತುತ್ತಲೇ ಬಂದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕೆಳಗಿನ ಗೇರಿನಲ್ಲಿ ಎಂಜಿನ್ನಿನ ತಡೆಯಿಂದಲೇ ಇಳಿಯಬೇಕು. ಸರಿಯಾಗಿ ಕಟ್ಟದ ಸರಕು ತಿರುವಿನಲ್ಲಿ ಒಂದು ಬದಿಗೆ ಸರಿಯುತ್ತದೆ. ವೇಗದ ಲೆಕ್ಕವನ್ನು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ: ಗಂಟೆಗೆ 40 ಕಿಲೋಮೀಟರ್ ವೇಗ 80 ಆದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾಗುವ ದೂರವೂ ಸುಮಾರು ನಾಲ್ಕು ಪಟ್ಟು. ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆ ಇಂದು ಹೊಸ ಭಾರಿ ಲಾರಿಗಳಲ್ಲಿದೆ. ಆದರೆ ಅದನ್ನು ಸುಸ್ಥಿತಿಯಲ್ಲಿ ಇಡದಿದ್ದರೆ ಇದ್ದೂ ಇಲ್ಲದಂತೆ.

ಈಗ ಈ ಕಾರಣಗಳ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಸವೆದ ಟೈರನ್ನು ಬದಲಿಸಬೇಕಾದವನು ಮಾಲೀಕ. ಸರಕನ್ನು ಬಿಗಿಯಬೇಕಾದವರು ಅದನ್ನು ತುಂಬಿದವರು. ನಿದ್ದೆಗೆ ಬಿಡುವಿಲ್ಲದಂತೆ ಗಡುವು ಕೊಟ್ಟವರು ಬೇರೆಯವರೇ ಇರಬಹುದು. ಚಾಲಕ ಕೊನೆಯ ಕೊಂಡಿ ಮಾತ್ರ. ನಮ್ಮ ಕಾನೂನು ಕೂಡ ಈ ಸರಪಳಿಯನ್ನು ಗುರುತಿಸುತ್ತದೆ.

1988ರ ಮೋಟಾರು ವಾಹನ ಕಾಯಿದೆಯ 113ನೇ ಕಲಮನ್ನು ನೋಡಿ. ಮಿತಿಮೀರಿದ ಭಾರ ಹೇರಿದ ವಾಹನವನ್ನು ಮಾಲೀಕನಲ್ಲದ ಚಾಲಕ ನಡೆಸುತ್ತಿದ್ದರೆ, ಅದು ಮಾಲೀಕನಿಗೆ ತಿಳಿದೇ, ಇಲ್ಲವೇ ಅವನ ಅಪ್ಪಣೆಯಿಂದಲೇ ನಡೆದಿದೆ ಎಂದು ನ್ಯಾಯಾಲಯ ಭಾವಿಸಬಹುದು. ಚಾಲಕನ ದುಡಿಮೆಯ ಅವಧಿಗೆ 91ನೇ ಕಲಂ ಮಿತಿ ಹಾಕುತ್ತದೆ. 2019ರ ತಿದ್ದುಪಡಿಯಿಂದ ಸೇರಿದ 198ಎ ಕಲಮಿನ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಅದರಿಂದ ಸಾವು ಅಥವಾ ಅಂಗವೈಕಲ್ಯವಾದರೆ, ಹೊಣೆ ಹೊತ್ತ ಪ್ರಾಧಿಕಾರಕ್ಕೂ ಗುತ್ತಿಗೆದಾರನಿಗೂ 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ಇಲ್ಲಿ ಎರಡು ಬಗೆಯ ಹೊಣೆಯನ್ನು ಬೇರೆಬೇರೆಯಾಗಿ ತಿಳಿಯಬೇಕು. ಒಂದು ಶಿಕ್ಷೆಯ ಹೊಣೆ. ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಮಿನಡಿ ಐದು ವರ್ಷದವರೆಗೆ ಸೆರೆವಾಸವಾಗಬಹುದು. ಇದಕ್ಕೆ ಬಲವಾದ ಪುರಾವೆ ಬೇಕು. ಎರಡನೆಯದು ಪರಿಹಾರದ ಹೊಣೆ. ಇದನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ತೀರ್ಮಾನಿಸುತ್ತದೆ. ಅಲ್ಲಿ ಯಾವುದು ಹೆಚ್ಚು ಸಂಭವನೀಯ ಎಂಬುದನ್ನು ತೂಗಿ ನೋಡಿದರೆ ಸಾಕು. ಕೆಲಸದ ಮೇಲಿದ್ದ ಚಾಲಕನ ತಪ್ಪಿಗೆ ಮಾಲೀಕ ಉತ್ತರಿಸಬೇಕು. ಮಾಲೀಕನ ಪರವಾಗಿ ವಿಮಾ ಕಂಪನಿ ಹಣ ಕೊಡಬೇಕು. ಅದಕ್ಕಾಗಿಯೇ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯವಾಗಿದೆ.

"ಟೈರು ಸಿಡಿಯಿತು, ನಮ್ಮ ತಪ್ಪಲ್ಲ" ಎಂದು ಮಾಲೀಕರು ಹೇಳುವುದುಂಟು. ಜೀಪೊಂದರ ಟೈರು ಸಿಡಿದು, ಅದು ಮಗುಚಿ ಪಾದಚಾರಿಯೊಬ್ಬರು ಮೃತಪಟ್ಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಈ ವಾದವನ್ನು ಪರಿಶೀಲಿಸಿತು. ಕೌಶ್ನುಮಾ ಬೇಗಂ ಪ್ರಕರಣವೆಂದು ಅದು ಪ್ರಸಿದ್ಧ. ಚಾಲಕನ ನಿರ್ಲಕ್ಷ್ಯ ಸಾಬೀತಾಗದಿದ್ದರೂ ಸತ್ತವರ ಕುಟುಂಬಕ್ಕೆ ಪರಿಹಾರ ಸಲ್ಲಬೇಕೆಂದು ನ್ಯಾಯಾಲಯ ತೀರ್ಪು ನೀಡಿತು. ಎರಡು ವಾಹನಗಳ ತಪ್ಪು ಸೇರಿ ಮೂರನೆಯವರಿಗೆ ಹಾನಿಯಾದರೆ, ಪೂರ್ಣ ಪರಿಹಾರವನ್ನು ಅವರಲ್ಲಿ ಯಾರಿಂದಲಾದರೂ ಪಡೆಯಬಹುದೆಂದು 2015ರಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಮಡಚಿಕೊಂಡ ಲಾರಿಗೆ ಬಸ್ಸು, ಬಸ್ಸಿಗೆ ಕಾರು ಎಂದು ಸಾಲಾಗಿ ಢಿಕ್ಕಿಯಾದಾಗ ಇದರ ಬೆಲೆ ತಿಳಿಯುತ್ತದೆ. ಇನ್ನು 164ನೇ ಕಲಮಿನಡಿ, ತಪ್ಪು ಯಾರದೆಂದು ಸಾಧಿಸದೆಯೂ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಬಹುದು. ಹೆಚ್ಚಿನ ಪರಿಹಾರ ಬೇಕಾದರೆ 166ನೇ ಕಲಮಿನಡಿ ಅರ್ಜಿ ಹಾಕಬೇಕು. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂದು 2019ರ ತಿದ್ದುಪಡಿ ಹೇಳುವುದರಿಂದ ತಡಮಾಡುವುದು ಜಾಣತನವಲ್ಲ.

ಇನ್ನೊಂದು ವಿಷಯ ಬಹುಮಂದಿಗೆ ತಿಳಿದಿಲ್ಲ. ಕಾಯಿದೆಯ ಕಣ್ಣಿನಲ್ಲಿ ಟ್ರೈಲರೂ ಒಂದು ಮೋಟಾರು ವಾಹನವೇ. ಮುಂಭಾಗದ ನೋಂದಣಿ ಸಂಖ್ಯೆಯ ಜೊತೆಗೆ ಟ್ರೈಲರಿನ ಸಂಖ್ಯೆಯನ್ನೂ ಬರೆದುಕೊಳ್ಳಬೇಕು. ಎರಡಕ್ಕೂ ಒಬ್ಬನೇ ಮಾಲೀಕನಿರಬೇಕೆಂದಿಲ್ಲ.

ಹಾಗಾದರೆ ರಸ್ತೆಬದಿಯಲ್ಲಿ ನಿಂತ ನೀವು ಏನು ಮಾಡಬಹುದು? ಮೊದಲು ಗಾಯಗೊಂಡವರಿಗೆ ನೆರವು, 108ಕ್ಕೆ ಕರೆ. ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಕಾಯಿದೆಯ 134ಎ ಕಲಂ ರಕ್ಷಣೆ ಕೊಡುತ್ತದೆ, ಹೆದರಬೇಕಾಗಿಲ್ಲ. ಆ ಬಳಿಕ, ಅಪಾಯವಿಲ್ಲದ ಜಾಗದಲ್ಲಿ ನಿಂತು ಟೈರಿನ ಗುರುತು, ಚೆಲ್ಲಿದ ಸರಕು, ಎರಡೂ ಸಂಖ್ಯೆಗಳ ಚಿತ್ರ ತೆಗೆದಿಡಿ. ವಾಹನಗಳನ್ನು ಎಳೆದು ಪಕ್ಕಕ್ಕಿಟ್ಟ ಮೇಲೆ, ಒಂದು ಮಳೆ ಬಂದ ಮೇಲೆ, ಆ ಗುರುತುಗಳು ಮತ್ತೆ ಸಿಗವು. ಮೋಟಾರು ವಾಹನ ನಿರೀಕ್ಷಕರ ತಪಾಸಣಾ ವರದಿಯ ಜೊತೆ ಅವು ಸೇರಿದಾಗ, ಬ್ರೇಕ್ ಕೆಟ್ಟಿತ್ತೇ, ವೇಗ ಹೆಚ್ಚಿತ್ತೇ ಎಂಬುದಕ್ಕೆ ಉತ್ತರ ದೊರೆಯಬಹುದು.

ಕೋಪಗೊಂಡ ಗುಂಪು ಚಾಲಕನನ್ನು ಥಳಿಸಿದರೆ ಅಂಥ ಉತ್ತರ ಸಿಗುವುದಿಲ್ಲ. ಥಳಿಸುವುದು ಅಪರಾಧ, ಅದಕ್ಕಿಂತ ಮಿಗಿಲಾಗಿ, ನಡೆದದ್ದನ್ನು ಬಲ್ಲ ಮುಖ್ಯ ಸಾಕ್ಷಿಯನ್ನೇ ಅದು ಓಡಿಸುತ್ತದೆ. ಸವೆದ ಟೈರಿನ ಮೇಲೆ ಲಾರಿ ಕಳುಹಿಸಿದವನು ಆ ಹೊತ್ತಿಗೆ ಎಲ್ಲೋ ದೂರದ ಕಚೇರಿಯಲ್ಲಿ ನಿಶ್ಚಿಂತನಾಗಿ ಕುಳಿತಿರುತ್ತಾನೆ. ನಾಳೆ ಇನ್ನೊಬ್ಬ ಚಾಲಕನನ್ನು ಅಂಥದೇ ಲಾರಿಯಲ್ಲಿ ಕಳುಹಿಸುತ್ತಾನೆ.

ಕೊನೆಯದಾಗಿ ನಿಮಗೇ ಸಂಬಂಧಿಸಿದ ಒಂದು ಮಾತು. ದ್ವಿಚಕ್ರ ವಾಹನದಲ್ಲಿ ಹೋಗುವಾಗ ಟ್ರೈಲರ್ ಲಾರಿಯ ಮುಂದೆ ಕಾಣುವ ತೆರಪು ನಿಮಗಾಗಿ ಬಿಟ್ಟ ದಾರಿಯಲ್ಲ. ಆ ಲಾರಿ ನಿಲ್ಲಲು ಬೇಕಾದ ಜಾಗ ಅದು. ಅಲ್ಲಿ ನುಗ್ಗುವ ಮೊದಲು ಪಿನ್ನಿನಿಂದ ಜೋಡಿಸಿದ ಆ ಎರಡು ರಟ್ಟಿನ ಪಟ್ಟಿಗಳನ್ನು ನೆನಪಿಸಿಕೊಳ್ಳಿ.