ತೊಟ್ಟಿಲಿನ ಕೀಲು
(ವಾಲ್ಪಾರೈ ಕಡೆಯ ತೋಟದ ಕುಟುಂಬಗಳ ಕೂಟದಲ್ಲಿ ಆಡಿದ ಮಾತು)



ಈ ದಿನ ನಾವು ಕೂಲಿ, ಬೋನಸ್ಸುಗಳ ವಿಷಯ ಎತ್ತುವುದಿಲ್ಲ. ತೊಟ್ಟಿಲಿನ ಕೀಲಿನ ವಿಷಯ ಹೇಳುತ್ತೇವೆ. ಇದೇನು ಸಣ್ಣ ಮಾತು ಎಂದು ನಗಬೇಡಿರಿ. ತಾಯಿ ಚಿಗುರು ಕೊಯ್ಯಲು ಗುಡ್ಡ ಹತ್ತಿದ ಮೇಲೆ ಕೂಸಿನ ಭಾರ ಹೊರುವುದು ಆ ಎರಡು ಕೀಲುಗಳೇ.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಲೈನಿನ ಒಂದು ಮನೆಗೆ ಸಿಲ್ವರ್ ಓಕ್ ಹಲಗೆಯಿಂದ ತೊಟ್ಟಿಲು ಮಾಡಿಕೊಟ್ಟೆವು. ಕೀಲಿನ ಜಾಗಕ್ಕೆ ದೊಡ್ಡ ಮೊಳೆ ಹೊಡೆದೆವು. ಎರಡು ತಿಂಗಳು ಚೆನ್ನಾಗಿಯೇ ತೂಗಿತು. ಆಮೇಲೆ ಕಿರ್ರೆಂದಿತು, ಯಾರೂ ಗಮನಿಸಲಿಲ್ಲ. ಮೆದು ಮರದಲ್ಲಿ ತೂತು ಉದ್ದವಾಗುತ್ತಾ ಹೋಗಿ, ಒಂದು ಸಂಜೆ ಹಲಗೆ ಸೀಳಿತು. ಕೆಳಗೆ ಕಂಬಳಿಯಿದ್ದುದರಿಂದ ಮಗುವಿನ ಹಣೆ ಊದಿದ್ದಷ್ಟೇ. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಬಡಗಿಯ ಮನೆಯಲ್ಲಿ ಬೆಳೆದವನನ್ನು ಸ್ಮರಿಸುವ ನಾವು ಮೊಳೆಯನ್ನು ನಂಬಿ ಕೆಲಸ ಮುಗಿಸಿದ್ದೆವು.

ಆಮೇಲೆ ಕಲಿತದ್ದನ್ನು ಹೇಳುತ್ತೇವೆ, ಕೇಳಿರಿ.

ಮೊದಲನೆಯದು, ಮರ. ಕೀಲು ಬರುವ ಕಡೆ ಹಲಗೆಗೆ ಜಾಲಿ, ಹುಣಸೆ ಅಥವಾ ತೇಗದ ತುಂಡನ್ನು ಸ್ಕ್ರೂ ಹಾಕಿ ದಪ್ಪ ಮಾಡಿರಿ. ತೂತು ಹಲಗೆಯ ಅಂಚಿನಿಂದ ಎರಡು ಅಂಗುಲವಾದರೂ ಒಳಗಿರಲಿ. ಅಂಚಿಗೆ ಬಂದರೆ ಸೀಳುತ್ತದೆ.

ಎರಡನೆಯದು, ಎತ್ತರ. ಮಗು ಮಲಗುವ ಹಲಗೆಯಿಂದ ಕೀಲು ಒಂದು ಅಡಿಯಾದರೂ ಮೇಲಿರಬೇಕು. ಭಾರವೆಲ್ಲ ಕೀಲಿನ ಕೆಳಗಿದ್ದರೆ ತೊಟ್ಟಿಲು ತಾನೇ ನೆಟ್ಟಗೆ ಬಂದು ನಿಲ್ಲುತ್ತದೆ. ಭಾರ ಕೀಲಿಗಿಂತ ಮೇಲೆ ಹೋದರೆ ಮಗುಚುತ್ತದೆ. ಎರಡು ಕೀಲುಗಳೂ ಒಂದೇ ಮಟ್ಟದಲ್ಲಿರಲಿ. ದಾರ ಕಟ್ಟಿ ನೋಡಿರಿ.

ಮೂರನೆಯದು, ಕೀಲು. 12 ಮಿಲಿಮೀಟರ್ ಬೋಲ್ಟು, ಅದು ಸರಿಯಾಗಿ ಹೊಗುವ ಕಬ್ಬಿಣದ ಪೈಪಿನ ತುಂಡು, ಅಗಲವಾದ ವಾಷರುಗಳು ಸಾಕು. ಕೊಯಮತ್ತೂರು ಪಂಪು ಮೋಟಾರುಗಳ ಊರು. ಗುಜರಿ ಅಂಗಡಿಗಳಲ್ಲಿ ಇವು ಸಿಗುತ್ತವೆ. ಪೈಪಿನ ತುಂಡು ಹಲಗೆಯ ದಪ್ಪಕ್ಕಿಂತ ಎರಡು ಮಿಲಿಮೀಟರ್ ಉದ್ದವಿರಲಿ. ಹಲಗೆಯ ತೂತಿನಲ್ಲಿ ಪೈಪು ಇಟ್ಟು, ಎರಡು ಬದಿಗೂ ವಾಷರು ಹಾಕಿ, ಬೋಲ್ಟಿನ ದುಂಡು ತಲೆ ಮಗುವಿನ ಕಡೆಗೆ, ನಟ್ಟು ಕಂಬದ ಹೊರಗೆ ಬರುವಂತೆ ಬಿಗಿಯಿರಿ. ನಟ್ಟಿನ ಮೇಲೆ ಇನ್ನೊಂದು ನಟ್ಟು ಹಾಕಿರಿ. ಪೈಪು ಕಂಬಕ್ಕೆ ಗಟ್ಟಿಯಾಗಿ ನಿಲ್ಲುತ್ತದೆ. ಹಲಗೆ ಮಾತ್ರ ಪೈಪಿನ ಮೇಲೆ ತೂಗುತ್ತದೆ. ಬೋಲ್ಟಿನ ಮರೆ ಮರವನ್ನು ತಿನ್ನುವುದಿಲ್ಲ, ತೂಗಿದಂತೆಲ್ಲ ನಟ್ಟು ಸಡಿಲವಾಗುವುದೂ ಇಲ್ಲ. ಪೈಪಿಗೆ ಮೇಣದ ಬತ್ತಿ ಉಜ್ಜಿರಿ. ಎಣ್ಣೆ ಹಾಕಿದರೆ ಧೂಳು ಹಿಡಿಯುತ್ತದೆ.

ನಾಲ್ಕನೆಯದು, ಪರೀಕ್ಷೆ. ಕೂಸನ್ನು ಮಲಗಿಸುವ ಮೊದಲು 20 ಕಿಲೋ ಅಕ್ಕಿ ಚೀಲವಿಟ್ಟು ನೂರು ಸಲ ತೂಗಿರಿ. ಮಗು ನಿದ್ದೆ ಹೋದ ಮೇಲೆ ತೊಟ್ಟಿಲು ವಾಲದಂತೆ ಒಂದು ಕಡ್ಡಿ ಸಿಕ್ಕಿಸುವ ವ್ಯವಸ್ಥೆ ಇರಲಿ. ಮಗು ಕೈಯೂರಿ ಏಳಲು ತೊಡಗಿದ ದಿನವೇ ತೊಟ್ಟಿಲು ಬಿಡಿಸಿರಿ.

ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳು ತಲೆಮಾರುಗಳವರೆಗೆ ಬಾಳುತ್ತವೆ. ನಮ್ಮ ತೊಟ್ಟಿಲಿಗೆ ಬಣ್ಣವಿಲ್ಲ. ಆದರೆ ಅದೂ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತದೆ. ಆದುದರಿಂದ ಕೊಡುವವರು ಒಮ್ಮೆ, ಪಡೆಯುವವರು ಒಮ್ಮೆ ಕೀಲು ಬಿಚ್ಚಿ ನೋಡಲಿ.

ಕೊನೆಯ ಮಾತು. 1951ರ ತೋಟ ಕಾರ್ಮಿಕರ ಕಾಯಿದೆ 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಕೂಸುಗಳಿಗೆ ಮನೆ ಇರಬೇಕೆಂದು ವಿಧಿಸಿತು. ಅದು ಯಾರ ದಾನವೂ ಅಲ್ಲ, ದುಡಿದವರ ಹಕ್ಕು. ಅಂಥ ಮನೆಯಲ್ಲಿ ಕೊಕ್ಕೆ ಸವೆದಿದ್ದರೆ, ಹಗ್ಗ ನವೆದಿದ್ದರೆ, ಆಯಮ್ಮನನ್ನು ಬೈಯಬೇಡಿರಿ. ಬರೆದು ಕೊಡಿರಿ, ನಾವೂ ಸಹಿ ಹಾಕುತ್ತೇವೆ. ಮನೆಯ ಕೀಲನ್ನು ಈ ಭಾನುವಾರವೇ ನೋಡಿರಿ. ಕಿರ್ರೆಂದರೆ ನಾಳೆ ಎನ್ನಬೇಡಿರಿ.